ಇರುವೆ ಮುತ್ತಿದ ಭಗೋಣಿ

ವಾಡಿಯ ಮೇಲೆ ಮೂರನೆಯ ದಿನವೂ ಮಂಜು ಬಿದ್ದಿತ್ತು. ಮಾಘದಲ್ಲಿ ಈ ಸೀಮೆಗೆ ಚಳಿ ಬರುವುದುಂಟು, ಮಂಜು ಬರುವುದು ಅಪರೂಪ. ಬಂದರೂ ಹೊತ್ತು ಮಾರುದ್ದ ಏರುವಷ್ಟರಲ್ಲಿ ನಾಚಿ ಹೋಗುತ್ತದೆ. ಈ ಸಲ ಮಾತ್ರ ಫರಸಿ ಕಲ್ಲಿನ ಖಣಿಗಳ ತಗ್ಗಿನಿಂದ ಎದ್ದದ್ದು ಕರೆಯದೆ ಬಂದ ಬೀಗರ ಹಾಗೆ ಊರಲ್ಲೇ ಕೂತುಬಿಟ್ಟಿತ್ತು. ಸಿಗ್ನಲ್ ಕಂಬ ಕಾಣುತ್ತಿರಲಿಲ್ಲ. ಎಲ್ಲೋ ದೂರ ನಿಂತ ಗಾಡಿಯ ಸೀಟಿ ಮಾತ್ರ, ತಾಯಿಯನ್ನು ಕರೆಯುವ ಕರುವಿನಂತೆ, ಆಗಾಗ ಕೇಳುತ್ತಿತ್ತು.

ಜಮಾದಾರ ಚಂದ್ರಾಮಪ್ಪ ಜಳಕ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ನೇರ ಪೀರಮ್ಮನ ಖಾನಾವಳಿಯ ಕಟ್ಟೆಗೆ ಬಂದಿದ್ದರು. ಬಂದವರು ಚಾ ಕೇಳಲಿಲ್ಲ. ಕಟ್ಟೆಯ ಮೇಲಿದ್ದ ಹಿತ್ತಾಳೆ ಭಗೋಣಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

ಮೊನ್ನೆ ಮಧ್ಯಾಹ್ನ ಇದೇ ಭಗೋಣಿಯ ಅನ್ನ ಉಂಡ ಹನ್ನೊಂದು ಮಂದಿ ಅರ್ಧ ತಾಸಿನೊಳಗೆ ವಾಂತಿ ಮಾಡಿಕೊಂಡು ಮಲಗಿದ್ದರು. ದೇವರು ದೊಡ್ಡವನು, ಹನ್ನೊಂದೂ ಜೀವ ಉಳಿದಿದ್ದವು.

ಭಗೋಣಿಯ ಹೊಟ್ಟೆಗೆ ಆರೋಗ್ಯ ಖಾತೆಯ ಸಾಹೇಬರು ಒಂದು ಕಾಗದ ಅಂಟಿಸಿ ಹೋಗಿದ್ದರು: ಇದನ್ನು ಬಳಸಕೂಡದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಮೂರು ತಿಂಗಳಾಗಿದ್ದರೂ ಕಾಗದದ ಮೇಲಿನ ಠಸ್ಸೆ ಇನ್ನೂ ಮೈಸೂರು ರಾಜ್ಯ ಎಂದೇ ಹೇಳುತ್ತಿತ್ತು.

“ಎಷ್ಟೊತ್ತು ನೋಡ್ತೀರಿ ಜಮಾದಾರ್ರೆ? ನೋಡಿದ್ರ ಅದೇನು ಬಾಯಿ ಬಿಡ್ತದ?” ಎಂದು ಒಳಗಿನಿಂದ ಪೀರಮ್ಮ ಕೇಳಿದಳು. ಅರವತ್ತರ ಹೆಂಗಸು. ರೊಟ್ಟಿ ಬಡಿದು ಬಡಿದು ಅವಳ ಮಾತಿಗೂ ಒಂದು ತಟ್ಟುವ ಲಯ ಬಂದಿತ್ತು.

“ಬಿಡ್ಲಿಕತ್ತದ ಅಕ್ಕ. ನಮಗ ಕೇಳ್ವಲ್ದು ಅಷ್ಟ.”

ಈ ಭಗೋಣಿಗೆ ಊರಲ್ಲಿ ‘ಎಲ್ಲಾರ ಭಗೋಣಿ’ ಎಂದೇ ಹೆಸರು. ವಾಡಿ ಜಂಕ್ಷನ್ನಿನಲ್ಲಿ ಹೋಟೆಲು ನಡೆಸುವವನ ಹಣೆಬರಹವನ್ನು ಗಾಡಿ ಬರೆಯುತ್ತದೆ. ಗಾಡಿ ತಡವಾದರೆ ಮಾಡಿದ ಅಡಿಗೆ ಹಳಸಿ ಗಟಾರಕ್ಕೆ. ಎರಡು ಗಾಡಿ ಒಮ್ಮೆಗೇ ಬಂದರೆ ಬಂದವನಿಗೆ ಇಲ್ಲ ಅನ್ನಬೇಕು. ಎರಡು ವರ್ಷದ ಹಿಂದೆ, ಬರಗಾಲದ ವರ್ಷ, ತನ್ನ ಗಟಾರದಲ್ಲಿ ಬಿದ್ದ ಅನ್ನವನ್ನು ಒಬ್ಬ ಬಸುರಿ ಹೆಂಗಸು ಆರಿಸಿ ತಿನ್ನುವುದನ್ನು ಪೀರಮ್ಮ ಕಂಡಳು. ಅಂದು ಅವಳು ಒಲೆ ಹಚ್ಚಲಿಲ್ಲ. ಎದುರಿನ ಸಿರಾಜುದ್ದೀನನ ಹೋಟೆಲಿಗೆ ಹೋದಳು, ಪಕ್ಕದ ಹಣಮಂತರಾಯನ ಮಿಠಾಯಿ ಅಂಗಡಿಗೆ ಹೋದಳು. “ಅನ್ನ ಚೆಲ್ಲಿ ನಾವು ಯಾವ ದೇವರಿಗೆ ಮುಖ ತೋರಸೂಣು?” ಎಂದಳು.

ಯಾರ ಹುಕುಮೂ ಇಲ್ಲದೆ ಮೂವರೂ ಒಂದು ಕಟ್ಟಳೆ ಮಾಡಿಕೊಂಡರು. ಗಾಡಿ ತಡವೆಂದು ಟೇಶನ್ನಿನಿಂದ ಸುದ್ದಿ ಬಂದರೆ ಮೂವರೂ ಕಡಿಮೆ ಬೇಯಿಸಬೇಕು. ಯಾರಲ್ಲಿ ಅಡಿಗೆ ಮಿಕ್ಕಿದೆಯೋ ಅವರ ಬಾಗಿಲಿಗೆ ಕೆಂಪು ವಸ್ತ್ರ; ಆ ವಸ್ತ್ರ ಕಂಡರೆ ಉಳಿದಿಬ್ಬರು ತಮ್ಮ ಗಿರಾಕಿಯನ್ನೇ ಅಲ್ಲಿಗೆ ಕಳಿಸಬೇಕು. ಆಮೇಲೂ ಎಂಜಲಾಗದೆ ಉಳಿದದ್ದು ಈ ಭಗೋಣಿಗೆ. ಮೂರು ಗಂಟೆಗೆ ಬೇವಿನ ಮರಕ್ಕೆ ತೂಗುಬಿಟ್ಟ ರೈಲು ಕಂಬಿಯ ತುಂಡನ್ನು ಬಾರಿಸಿದರೆ ಹಸಿದವರು ಬಂದು ಉಣ್ಣುತ್ತಿದ್ದರು.

ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ದೊಡ್ಡದು. ಭಗೋಣಿಗೆ ಬಿದ್ದ ಅನ್ನ ಯಾರದೆಂದು ಯಾರೂ ಹೇಳಕೂಡದು. ಅದಕ್ಕೇ ಪೀರಮ್ಮ ತವರಿನಿಂದ ತಂದ ತನ್ನ ಭಗೋಣಿಯ ಮೇಲಿನ ಅಪ್ಪನ ಹೆಸರನ್ನೂ ಅರದಿಂದ ಉಜ್ಜಿಸಿ ಅಳಿಸಿದ್ದಳು.

ಈಗ ಆ ಕಟ್ಟಳೆಯೇ ಸಿರಾಜುದ್ದೀನನ ಕುತ್ತಿಗೆಗೆ ಬಂದಿತ್ತು. ಮೊನ್ನೆ ಬಡಿಸುವ ಪಾಳಿ ಅವನದು. “ಬ್ಯಾಳಿ ಯಾರದು, ಪಲ್ಯ ಯಾರದು?” ಎಂದು ಸಾಹೇಬರು ಮೂರು ಸಲ ಕೇಳಿದರು. ಮೂರು ಸಲವೂ ಅವನು, “ಎಲ್ಲಾರದು ಸಾಬ್” ಎಂದ. ಹಾಗಾದರೆ ಹೊಣೆ ನಿನ್ನದೇ ಎಂದು ಸಾಹೇಬರು ಬರೆದುಕೊಂಡರು. ಇವತ್ತು ಹನ್ನೆರಡಕ್ಕೆ ಚಿತ್ತಾಪುರದಿಂದ ಅವರ ಜೀಪು ಬರುತ್ತದೆ. ಬಂದರೆ ಅವನ ಹೋಟೆಲಿನ ಲೈಸನ್ಸು ಹೋಗುತ್ತದೆ, ಭಗೋಣಿಯ ಊಟವೂ ನಿಲ್ಲುತ್ತದೆ.

ಚಂದ್ರಾಮಪ್ಪ ರೈಲ್ವೆ ಪೊಲೀಸಿನಿಂದ ನಿವೃತ್ತರಾಗಿ ಒಂದು ವರ್ಷ. ಈ ಕೆಲಸ ಅವರಿಗೆ ಯಾರೂ ಹೇಳಿರಲಿಲ್ಲ. ಆದರೆ ಹೆಂಡತಿ ಅಮೃತಮ್ಮ ಕೊನೆಯ ಮೂರು ತಿಂಗಳು ಹಾಸಿಗೆ ಹಿಡಿದಾಗ, ಅವರು ಆಕೆಯ ತಲೆದೆಸೆ ಬಿಟ್ಟು ಏಳಲಾರದೆ ಇದ್ದಾಗ, ದಿನಾ ಸಂಜೆ ಬಾಗಿಲಲ್ಲಿ ಬುತ್ತಿ ಬಂದು ಕೂತಿರುತ್ತಿತ್ತು. ಇಟ್ಟವರಾರೆಂದು ಇಂದಿಗೂ ಗೊತ್ತಿಲ್ಲ. ಯಾರ ಕೈ ಹಿಡಿದು ಶರಣೆನ್ನಬೇಕೆಂದು ತಿಳಿಯದ ಉಪಕಾರ ಮನುಷ್ಯನನ್ನು ಸುಮ್ಮನೆ ಕೂರಗೊಡುವುದಿಲ್ಲ.

ಆಗ ಅವರ ಕಣ್ಣಿಗೆ ಇರುವೆ ಬಿತ್ತು.

ಒಂದಲ್ಲ, ಸಾಲು. ಕಟ್ಟೆಯ ಬಿರುಕಿನಿಂದ ಹೊರಟು, ಭಗೋಣಿಯ ಹೊಟ್ಟೆ ಹತ್ತಿ, ಸರಕಾರಿ ಕಾಗದದ ಮೇಲೇ ಹಾದಿ ಮಾಡಿಕೊಂಡು, ಕಂಠದ ಮಡಿಕೆಯೊಳಗೆ ಹೋಗುತ್ತಿದ್ದವು.

“ಅಕ್ಕ, ಮೊನ್ನಿ ಇದರಾಗ ಏನೇನಿತ್ತು?”

“ನನ್ನ ಬಾಯಿಲೆ ಹೇಳಂಗಿಲ್ರಿ.”

“ಯಾರದಂತ ಕೇಳಿಲ್ಲ. ಏನಿತ್ತು ಅಂತ ಕೇಳ್ದೆ.”

“ಅನ್ನ, ಬ್ಯಾಳಿ, ಪುಂಡಿಪಲ್ಯ. ಮಂಜಿಗೆ ಗಾಡಿ ಬರಲಿಲ್ಲ, ಮುಂಜಾನಿ ಹನ್ನೊಂದಕ್ಕೇ ಎಲ್ಲಾ ಕೂಡಿಸಿ ಹಾಕಿಟ್ವಿ. ಮೂರಕ್ಕ ಉಂಡ್ರು.”

“ಪುಂಡಿಪಲ್ಯ ಹುಳಿ. ಹುಳಿಗಿ ಇರುವಿ ಯಾಕ ಬರ್ತಾವ?”

ಪೀರಮ್ಮನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಚಂದ್ರಾಮಪ್ಪ ಜೇಬಿನಿಂದ ಹಲ್ಲುಕಡ್ಡಿ ತೆಗೆದು ಕಂಠದ ಮಡಿಕೆಯೊಳಗೆ ಆಡಿಸಿದರು. ಕಡ್ಡಿಯ ತುದಿಗೆ ಕಂದು ಬಣ್ಣದ, ಗಾಜಿನಂಥ ಒಂದು ಚೂರು ಅಂಟಿ ಬಂತು. ಬೆಳಕಿಗೆ ಹಿಡಿದರು. ನಾಲಿಗೆಗೆ ಮುಟ್ಟಿಸಿದರು. ಸಕ್ಕರೆ.

“ಅಕ್ಕ, ನಿಮ್ಮಪ್ಪನ ಹೆಸರು ಅಳಸಿದ್ದು ಯಾ ಕಡಿ?”

“ತಳದಾಗ. ಕೈಯಾಡಸ್ರಿ, ಬೆರಳಿಗಿ ತರಿತರಿ ಹತ್ತತದ.”

ಅವರು ಭಗೋಣಿ ಬೋರಲು ಹಾಕಿ ಬೆರಳಾಡಿಸಿದರು. ತಳ ಬೆಣ್ಣೆಯ ಹಾಗೆ ನುಣುಪಾಗಿತ್ತು. ಪೀರಮ್ಮ ತಾನೇ ಬಂದು ಸವರಿದಳು. ಮತ್ತೆ ಸವರಿದಳು.

“ಯವ್ವಾ! ಇದು ನಂದಲ್ಲ.” ತಟ್ಟನೆ ನಾಲಿಗೆ ಕಚ್ಚಿಕೊಂಡಳು. “ಅಂದ್ರ… ಎಲ್ಲಾರದಲ್ಲ.”

*

ಪಾತ್ರೆಗಳ ಒಳಮೈಗೆ ತವರ ಸವರುವ ಕಲಾಯಿ ಮಶಾಕ ಬೇವಿನ ಮರದ ಬುಡದಲ್ಲಿ ತಿದಿ ಹೂಡಿ ಕೂತಿದ್ದ. ಹನ್ನೊಂದು ಮಂದಿಯಲ್ಲಿ ಅವನೂ ಒಬ್ಬ. ಎರಡು ದಿನದಲ್ಲಿ ಮುಖ ಒಣಗಿದ ಬದನೆಕಾಯಿಯಂತಾಗಿತ್ತು.

“ಹ್ಯಾಂಗಿದ್ದಿ ಮಶಾಕ?”

“ಜೀಂವ ಅದ ಸಾಬ್. ಅಲ್ಲಾನ ಮೆಹರಬಾನಿ.”

“ಮೊನ್ನಿ ಉಂಡಾಗ ಬಾಯಾಗ ಏನನಿಸ್ತು?”

ಮಶಾಕ ತಿದಿ ಒತ್ತುವುದನ್ನು ನಿಲ್ಲಿಸಿದ. ಕೆಂಡದ ಮೇಲೆ ಬೂದಿ ಕೂರತೊಡಗಿತು.

“ನಲವತ್ತು ವರ್ಷ ಪಾತ್ರಿ ಸವರಿದ ಮನಶ್ಯಾ ನೀ,” ಎಂದರು ಚಂದ್ರಾಮಪ್ಪ ಮೆಲ್ಲಗೆ. “ನಿನ್ನ ನಾಲಿಗಿಗಿ ಗೊತ್ತಾಗಲಿಲ್ಲಂದ್ರ ನಾ ನಂಬಂಗಿಲ್ಲ.”

“ಗೊತ್ತಾತ್ರಿ.” ಅವನ ಕಣ್ಣಲ್ಲಿ ನೀರಾಡಿತು. “ಕಿಲುಬಿನ ರುಚಿ. ಮೊದಲನೇ ತುತ್ತಿಗೇ. ಕಲಾಯಿ ಇಲ್ಲದ ಹಿತ್ತಾಳ್ಯಾಗ ಹುಳಿ ಇಟ್ರ ಇಸಾನೇ ಆಗ್ತದ. ಆದ್ರ ದೀಪಾವಳಿಗಿ ಆ ಭಗೋಣಿಗಿ ಕಲಾಯಿ ಹಾಕಿದಾವ ನಾನೇ. ಮೂರು ತಿಂಗಳಿನ್ಯಾಗ ನನ್ನ ತವರ ಬಿಟ್ಟಿತಂದ್ರ ನಾಳಿ ಯಾರು ನನ್ನ ಕೈಗಿ ಪಾತ್ರಿ ಕೊಡ್ತಾರ? ಅಂಜಿ ಸುಮ್ಮನಾದೆ.”

“ನೀ ಸುಮ್ಮನಾದಿ, ಅಲ್ಲಿ ಸಿರಾಜನ ಒಲಿ ಆರ್ಲಿಕತ್ತದ.”

ಮಶಾಕ ತಲೆ ತಗ್ಗಿಸಿದ. ಚಂದ್ರಾಮಪ್ಪ ಅವನನ್ನು ಎಬ್ಬಿಸಿಕೊಂಡು ಕಟ್ಟೆಗೆ ತಂದರು. ಭಗೋಣಿಯೊಳಗೆ ತಲೆ ಹಾಕಿದ ಮಶಾಕ ಮೂಗಿನಿಂದ ಉಸಿರೆಳೆದ, ಉಗುರಿನಿಂದ ಗೀರಿದ, ಎದ್ದು ನಿಂತು ಆಕಾಶ ನೋಡಿ ಎರಡೂ ಕೈ ಎತ್ತಿದ.

“ಇದು ನಾ ಕಲಾಯಿ ಹಾಕಿದ್ದಲ್ಲ! ಇದಕ ಹುಟ್ಟಿದಾಗಿಂದ ಕಲಾಯೇ ಬಿದ್ದಿಲ್ಲ ಸಾಬ್!”

“ಕಲಾಯಿ ಇಲ್ಲದ ಹಿತ್ತಾಳಿ ಯಾರು ಇಟ್ಕೋತಾರ?”

“ಸಕ್ಕರಿ ಕುದಸಾವ್ರು. ಪಾಕಕ ಕಲಾಯಿ ಬ್ಯಾಡ್ರಿ, ಪಾಕದ ಕಾವಿಗಿ ತವರ ಕರಗ್ತದ. ಸಕ್ಕರಿ ಹಿತ್ತಾಳಿಗಿ ಏನೂ ಮಾಡಂಗಿಲ್ಲ…” ಎನ್ನುತ್ತಿದ್ದವನು ಮಾತು ಅಲ್ಲಿಗೇ ನುಂಗಿ ಪಕ್ಕದ ಅಂಗಡಿಯ ಕಡೆ ಕಣ್ಣು ಹೊರಳಿಸಿದ.

ಟೇಶನ್ ಬಜಾರದಲ್ಲಿ ಸಕ್ಕರೆ ಕುದಿಸುವವನು ಒಬ್ಬನೇ.

*

ಹಣಮಂತರಾಯ ಜಿಲೇಬಿಯ ಪಾಕ ತಿರುವುತ್ತಿದ್ದ. ನಲವತ್ತರ ಆಳು, ಮಾತು ಕಡಿಮೆ. ಎಲ್ಲಿಂದ ಬಂದವನೆಂದು ಊರಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಇದೇ ಒಲೆಯ ಮುಂದೆ ಇದ್ದಾನೆಂಬುದಷ್ಟೇ ಗೊತ್ತು.

“ಬರ್ರಿ ಜಮಾದಾರ್ರೆ, ಕುಂದ್ರಿ. ಬಾಯಿ ಸವಿ ಮಾಡ್ರಿ.”

“ಮುಂಜಾನೇನೇ ಮಾಡ್ಕೊಂಡೆ. ನಿನ್ನ ಸಕ್ಕರಿನೇ.” ಚಂದ್ರಾಮಪ್ಪ ಹಲ್ಲುಕಡ್ಡಿಯನ್ನು ಮಿಠಾಯಿ ಕಪಾಟಿನ ಮೇಲಿಟ್ಟರು. “ಭಗೋಣಿ ಕಂಠದಾಗ ಸಿಕ್ತು.”

ಸೌಟು ಒಂದು ಸುತ್ತು ತಪ್ಪಿತು. ಮತ್ತೆ ತಿರುಗಿತು.

“ಸಂತಿಗಿ ಹೋದ್ರ ಅಂಥಾವು ನೂರು ಸಿಗ್ತಾವ.”

“ಸಿಗ್ತಾವ. ನಿನ್ನ ಅಂಗಡ್ಯಾಗ ಎಷ್ಟು ಅವ?”

“ನಾಕು.”

“ಈಗ?”

ಹಣಮಂತರಾಯನ ಕಣ್ಣು ಗೂಡಿನ ಕಡೆ ಹೋಯಿತು. ಗೂಡಿನಲ್ಲಿ ಮೂರು ಭಗೋಣಿ ಒಂದರ ಪಕ್ಕ ಒಂದು ಹೊಳೆಯುತ್ತಿದ್ದವು. ನಾಲ್ಕನೆಯದರ ಜಾಗದಲ್ಲಿ ದುಂಡಗೆ ಧೂಳಿಲ್ಲದ ಒಂದು ಗುರುತಿತ್ತು.

“ನೀ ಯಾರಿಗೂ ಕೆಟ್ಟದ್ದು ಬಗಿಲಿಲ್ಲ, ಅದು ನನಗ ಗೊತ್ತು,” ಎಂದರು ಚಂದ್ರಾಮಪ್ಪ. “ನೀ ಇಟ್ಟ ಭಗೋಣಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿ ಇಟ್ಟಿದ್ದಿ. ಇಸ ಹಾಕಾಂವ ಪಾತ್ರಿ ಹಂಗ ಬೆಳಗಂಗಿಲ್ಲ. ಜನ್ಮಿಡೀ ಸಕ್ಕರಿ ಕುದಿಸಿದಿ, ಹುಳಿಯ ಗುಣ ನಿನಗ ನೆಪ್ಪಾಗಲಿಲ್ಲ. ಇಷ್ಟು ನಾ ತಿಳ್ಕೊಂಡೆ. ಖರೆ ಅದನ್ನ ತಗದು ಇದನ್ನ ಯಾಕಿಟ್ಟಿ, ಅದೊಂದು ತಿಳೀವಲ್ದು.”

“ಆ ಹನ್ನೊಂದು ಮಂದಿ…” ಹಣಮಂತರಾಯನ ದನಿ ಪಾಕದ ಎಳೆಯಂತೆ ಸಣ್ಣಗಾಯಿತು. “ಎರಡು ರಾತ್ರಿ ಆತ್ರಿ, ಕಣ್ಣು ಮುಚ್ಚಿಲ್ಲ. ಅವರೊಳಗ ಒಬ್ರು ಹೋಗಿದ್ರ ನಾ ಗಾಡಿ ಕೆಳಗ ತಲಿ ಇಡತಿದ್ದೆ.”

“ಯಾರೂ ಹೋಗಿಲ್ಲ. ದೇವರು ನಿನಗ ವ್ಯಾಳ್ಯಾ ಕೊಟ್ಟಾನ. ಹನ್ನೆರಡರ ತನಕ.”

“ನೀವೇ ಹೇಳ್ರಿ ಸಾಹೇಬ್ರಿಗಿ.”

“ನಾ ಹೇಳಂಗಿಲ್ಲ. ನಾ ಹೇಳಿದ್ರ ಅದು ಚಾಡಿ. ನೀ ಹೇಳಿದ್ರ ಅದು ಅನ್ನದ ಋಣ.” ಚಂದ್ರಾಮಪ್ಪ ಎದ್ದರು. “ನಿನ್ನ ಕೈಗಿ ಬೇಡಿ ಹಾಕ್ಲಿಕ್ಕ ಬಂದಿಲ್ಲ ಹಣಮಂತ. ತಗೊಂಡಿದ್ದು ತಿರುಗಿ ಕೊಡು ಅನ್ನಾಕ ಬಂದೀನಿ.”

ಹೊಸ್ತಿಲು ದಾಟುವಾಗ ಹಿಂದಿನಿಂದ ಒಂದು ಪ್ರಶ್ನೆ ಬಂತು. ಆ ಹೊತ್ತಿಗೆ ಸಲ್ಲದ ಪ್ರಶ್ನೆ.

“ಜಮಾದಾರ್ರೆ… ನಿಮ್ಮನಿ ಅಮ್ಮಾವರ ತಿಥಿ ನಾಳಿಗೇ ಅಲ್ರಿ?”

ಚಂದ್ರಾಮಪ್ಪ ತಿರುಗಿ ನೋಡಿದರು. ಹಣಮಂತರಾಯ ಪಾಕದೊಳಗೇ ಮುಖ ಹುದುಗಿಸಿದ್ದ. ಪಾಕ ಹೊತ್ತಿತ್ತು. ಹದಿನೆಂಟು ವರ್ಷದಲ್ಲಿ ಆ ಅಂಗಡಿಯಿಂದ ಸುಟ್ಟ ಸಕ್ಕರೆಯ ವಾಸನೆ ಬಂದದ್ದು ಅದೇ ಮೊದಲು.

*

ಹನ್ನೆರಡಕ್ಕೆ ಮಂಜು ಹರಿದು ಬಿಸಿಲು ಬಿತ್ತು. ಬಿಸಿಲಿನ ಜೊತೆಗೇ ಜೀಪೂ ಬಂತು.

ಸಿರಾಜುದ್ದೀನ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ. ಗೋಡೆಯಿಂದ ಲೈಸನ್ಸಿನ ಕಟ್ಟು ಆಗಲೇ ಇಳಿಸಿ, ಧೂಳು ಒರೆಸಿ, ಎದೆಗವಚಿ ಹಿಡಿದಿದ್ದ. ಚಂದ್ರಾಮಪ್ಪ ಹತ್ತಿರ ಹೋದಾಗ ಹೇಳಿದ: “ಕಾಕಾ, ಒಂದು ಮಾತು. ನಂದು ಹೋದ್ರೂ ಕೆಂಪು ವಸ್ತ್ರಾ ಬಿಡಬ್ಯಾಡ್ರಿ. ಪೀರಮ್ಮ ಚಾಚಿ ಒಬ್ಬಾಕಿ ಆದ್ರೂ ಹಾಕ್ಲಿ.”

“ಬ್ಯಾಳಿ ನಿಂದು, ಪುಂಡಿಪಲ್ಯ ನಿಂದಲ್ಲ ಅಂತ ಒಂದು ಮಾತು ಅಂದಿದ್ರ ನೀ ಉಳೀತಿದ್ದೆಲ್ಲೋ ಹುಚ್ಚಾ.”

“ಅಂದಿದ್ರ ಚಾಚಿ ಮುಳಗತಿದ್ಲು,” ಎಂದು ಸಿರಾಜ ನಕ್ಕ. “ಮತ್ತ ನಾಳಿಂದ ನಾ ಯಾ ಬಾಯಿಲೆ ಅವಳ ಕೈ ರೊಟ್ಟಿ ತಿನ್ಲಿ?”

ಸಾಹೇಬರು ಕುರ್ಚಿ ಎಳೆದು ಕೂತು ಪೆನ್ನಿನ ಟೊಪ್ಪಿಗೆ ತೆಗೆದರು. ಜನ ಸುತ್ತ ನೆರೆಯಿತು. ಚಂದ್ರಾಮಪ್ಪ ಮಿಠಾಯಿ ಅಂಗಡಿಯ ಕಡೆ ನೋಡಲಿಲ್ಲ. ನೋಡಿದರೆ ಅದೂ ಒಂದು ತಗಾದೆ ಆಗುತ್ತದೆಂದು ಕಣ್ಣು ಮುಚ್ಚಿ ಶಿವನಾಮ ಹಿಡಿದರು.

“ಸರ್ಕಾರ, ಆ ಭಗೋಣಿ ನಂದು.”

ಜನ ಸರಿದು ದಾರಿ ಬಿಟ್ಟಿತು. ಹಣಮಂತರಾಯ ಕೈ ಕಟ್ಟಿಕೊಂಡು ನಿಂತಿದ್ದ. ಮುಂಗೈಗೆ ಪಾಕ ಸಿಡಿದು ಬೊಬ್ಬೆ ಎದ್ದಿತ್ತು.

“ಪಾಕದ ಭಗೋಣಿ. ಕಲಾಯಿ ಇಲ್ಲ. ಎಲ್ಲಾರ ಭಗೋಣಿ ತಗೊಂಡು ಅದರ ಜಾಗದಾಗ ಇದನ್ನ ಇಟ್ಟಾಂವ ನಾನು. ಸಿರಾಜ ಭಾಯಿಂದು ತಪ್ಪಿಲ್ಲ. ಅನ್ನದ್ದೂ ತಪ್ಪಿಲ್ಲ.”

ಮಶಾಕ ಕರೆಯದೆಯೇ ಮುಂದೆ ಬಂದು ತನ್ನ ನಾಲಿಗೆಯ ಸಾಕ್ಷಿ ಹೇಳಿದ. ಭಗೋಣಿಯೊಳಗೆ ಬೆರಳಾಡಿಸಿ ತೋರಿಸಿದ. ಸಾಹೇಬರು ನೋಡಿದರು, ಮೂಸಿದರು, ಬರೆದಿದ್ದರ ಮೇಲೆ ಗೀಟು ಎಳೆದರು.

“ಅಸಲು ಭಗೋಣಿ ಎಲ್ಲಿ?”

“ಶಹಾಬಾದಕ ಕಳಸೀನ್ರಿ. ಸಂಜಿ ಗಾಡಿಗಿ ಬರ್ತದ.”

“ಯಾಕೆ ಕಳಿಸಿದೆ?”

“ಅದೊಂದು ಕೇಳಬ್ಯಾಡ್ರಿ. ಶಿಕ್ಷಾ ಏನಿದ್ರೂ ಕೊಡ್ರಿ, ಉಣ್ತೀನಿ.”

ಹೇಳಿಕೆಗೆ ಸಹಿ ತೆಗೆದುಕೊಂಡು, ಸೋಮವಾರ ಕಚೇರಿಗೆ ಬರಬೇಕೆಂದು ಹೇಳಿ ಸಾಹೇಬರು ಎದ್ದರು. ಜೀಪು ಹತ್ತುವ ಮುಂಚೆ ಅದೇನು ತಿಳಿಯಿತೋ, ಸಿರಾಜನ ಕೈಯಿಂದ ಲೈಸನ್ಸಿನ ಕಟ್ಟು ತೆಗೆದುಕೊಂಡು ತಾವೇ ಒಳಗೆ ಹೋಗಿ ಅದರ ಮೊಳೆಗೆ ತೂಗುಹಾಕಿ ಬಂದರು.

ಪೀರಮ್ಮ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಹಣಮಂತರಾಯನ ಸುಟ್ಟ ಕೈ ಹಿಡಿದು, “ಮೂಳಾ, ಮೊದಲ ಎಣ್ಣಿ ಹಚ್ಚಿಕೋ. ಸೋಮವಾರ ನಾನೂ ಬರ್ತೀನಿ ನಿನ್ನ ಜೋಡಿ,” ಎಂದಳು. ಅಷ್ಟೇ. ಸಿರಾಜ ತನ್ನ ಕಲಾಯಿ ಮಾಡಿದ ತಾಮ್ರದ ದೇಗು ಪಾತ್ರೆ ಹೊರಗೆಳೆದು ಕಟ್ಟೆಯ ಮೇಲಿಟ್ಟ. ಮೂರು ಗಂಟೆಗೆ ಕಂಬಿ ಮೊಳಗಿತು. ಬಿದ್ದೆದ್ದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಬಂದು ಮತ್ತೆ ಅದೇ ಕೈಗಳ ಅನ್ನ ಉಂಡರು. ಚಂದ್ರಾಮಪ್ಪ ಉಣ್ಣುವವರ ಬೆನ್ನುಗಳನ್ನು ನೋಡುತ್ತ ನಿಂತರು. ನಂಬಿಗೆ ಎಂಬುದು ಇಷ್ಟು ಸದ್ದಿಲ್ಲದೆ ತಿರುಗಿ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

*

ದೀಪ ಹಚ್ಚುವ ಹೊತ್ತು. ಚಂದ್ರಾಮಪ್ಪ ತಮ್ಮ ಮನೆಯ ಪಡಸಾಲೆಯಲ್ಲಿ ಅಮೃತಮ್ಮನ ಫೋಟೋ ಒರೆಸುತ್ತಿದ್ದರು. ನಾಳೆಯ ತಿಥಿಗೆ.

ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಅವರಿಂದ ಮುಚ್ಚಿಟ್ಟದ್ದು ಒಂದೇ ಒಂದು. ನಲವತ್ತೆಂಟರ ಗಲಾಟೆಯ ವರ್ಷ, ಊರುಗಳು ಲೂಟಿಯಾಗಿ ಜನ ದಿಕ್ಕಾಪಾಲಾದಾಗ, ಅವರನ್ನು ಸಿಕಂದರಾಬಾದಿಗೆ ಡ್ಯೂಟಿಗೆ ಹಾಕಿದ್ದರು. ನಾಲ್ಕು ತಿಂಗಳು ಕಾಗದವಿಲ್ಲ, ಸುದ್ದಿಯಿಲ್ಲ. ತಿರುಗಿ ಬಂದಾಗ ಅಮೃತಮ್ಮ ತವರೂರು ಆಡಕಿಯಲ್ಲಿದ್ದಳು, ಕಡ್ಡಿಯ ಹಾಗೆ. ಆದರೆ ಆಕೆ ತವರಿಗೆ ಬಂದದ್ದೇ ಹಿಂದಿನ ವಾರವೆಂದು ಅತ್ತೆ ಬಾಯಿ ತಪ್ಪಿ ಅಂದಿದ್ದಳು. “ಅಲ್ಲೀತನಕ ಎಲ್ಲಿದ್ದಿ?” ಎಂದು ಅವರು ಒಮ್ಮೆ ಕೇಳಿದ್ದರು. “ಅನ್ನ ಇದ್ದಲ್ಲಿ ಇದ್ದೆ,” ಎಂದಿದ್ದಳು. ಊರೂರು ಕಳ್ಳರ ಬಾಯಿ ಬಿಡಿಸಿದ ಜಮಾದಾರರು ಹೆಂಡತಿಯನ್ನು ಎರಡನೆಯ ಸಲ ಕೇಳಲಿಲ್ಲ.

ಬಾಗಿಲಲ್ಲಿ ನೆರಳಾಡಿತು. ಹಣಮಂತರಾಯ. ಕಂಕುಳಲ್ಲಿ ಬಿಳಿ ಧೋತರದ ತುಂಡಿನಲ್ಲಿ ಸುತ್ತಿದ ಭಗೋಣಿ. ಸಂಜೆಯ ಗಾಡಿಯ ಮಸಿ ಇನ್ನೂ ಅವನ ಅಂಗಿಯ ಮೇಲಿತ್ತು.

“ಪೀರಮ್ಮನ ಕಟ್ಟಿ ಮ್ಯಾಲ ಒಯ್ದು ಇಡೋ ಹಣಮಂತ. ಅದು ಎಲ್ಲಾರದು.”

ಅವನು ತಲೆ ಅಲ್ಲಾಡಿಸಿದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಚಂದ್ರಾಮಪ್ಪನವರ ಮುಂದೆ ಮೊಣಕಾಲೂರಿ, ಸುಟ್ಟ ಕೈ ಕೆಳಗೆ, ಒಳ್ಳೆಯ ಕೈ ಮೇಲೆ ಮಾಡಿ, ಕೂಸನ್ನು ಒಪ್ಪಿಸುವ ಹಾಗೆ ಭಗೋಣಿಯನ್ನು ಅವರ ತೊಡೆಯ ಮೇಲಿಟ್ಟ.

ಚಂದ್ರಾಮಪ್ಪ ವಸ್ತ್ರ ಬಿಚ್ಚಿದರು. ಒಳಗೆ ಕಲಾಯಿ ಬೆಳದಿಂಗಳಂತೆ ಹೊಳೆಯಿತು. ಬೋರಲು ಹಾಕಿ ತಳದ ಮೇಲೆ ಬೆರಳಿಟ್ಟರು. ಅಳಿಸಿದ ಹೆಸರಿನ ತರಿ ಅಲ್ಲೇ ಇತ್ತು. ಆದರೆ ಅದರ ಮೇಲೆ ಹೊಸದಾಗಿ ಉಳಿಯಿಂದ ಚುಕ್ಕೆ ಚುಕ್ಕೆ ಹೊಡೆದ ಅಕ್ಷರಗಳು ಬೆರಳಿಗೆ ತಾಗಿದವು. ದೀಪ ಹತ್ತಿರ ಎಳೆದುಕೊಂಡು ಓದಿದರು.

ಅಮೃತಮ್ಮ. ಕೊಡ್ಲಿ. ೧೯೪೮.

ಕೊಡ್ಲಿ ಚಿಂಚೋಳಿ ತಾಲೂಕಿನ ಊರು. ಅಮೃತಮ್ಮನಿಗೆ ಅಲ್ಲಿ ನಂಟರಿಲ್ಲ, ಪರಿಚಯದವರಿಲ್ಲ. ಆ ಊರಿನ ಹೆಸರನ್ನು ಆಕೆಯ ಬಾಯಿಂದ ಅವರು ಒಮ್ಮೆಯೂ ಕೇಳಿರಲಿಲ್ಲ.

“ಹಣಮಂತ, ನೀ ಯಾರು?”

ಹಣಮಂತರಾಯ ಫೋಟೋದ ಮುಂದೆ ಹಣೆ ನೆಲಕ್ಕೆ ಹಚ್ಚಿ ಎದ್ದ. ಮಡಿಚಿದ ವಸ್ತ್ರದೊಳಗಿನಿಂದ ಇನ್ನೊಂದು ಸಣ್ಣ ಗಂಟು ತೆಗೆದು, “ಕೊಡ್ಲ್ಯಾಗ ಇದನ್ನ ಒತ್ತಿ ಇಟ್ಟು ಅಮ್ಮಾವ್ರು ಅನ್ನ ಹಾಕಿದ ಹುಡುಗ್ರೊಳಗ ಒಬ್ಬಾಂವ್ರಿ,” ಎಂದು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಚಿ ಮುಚ್ಚಿದ. ಆಮೇಲೆ ಬಂದ ದಾರಿಯಲ್ಲೇ ಬೆನ್ನು ತೋರಿಸದೆ ಹೊರಗೆ ಸರಿದ.

ಚಂದ್ರಾಮಪ್ಪ ಬೆರಳು ಬಿಚ್ಚಿದರು.

ಹಾದಿಯಲ್ಲಿ ಎಲ್ಲೋ ಬಿತ್ತೆಂದು ಇಪ್ಪತ್ತಾರು ವರ್ಷದ ಹಿಂದೆ ಅಮೃತಮ್ಮ ಹೇಳಿದ್ದ, ಅವರು ಲಗ್ನದಲ್ಲಿ ಆಕೆಯ ಕೊರಳಿಗೆ ಕಟ್ಟಿದ ತಾಳಿ ಅಲ್ಲಿತ್ತು.